ಬಪ್ಪತಿಗೆ, ಹ್ವಾಪತಿಗೆ

ಕುಂದಾಪುರ ಕಡೆಯ ನಮ್ಮ ಹಾಲಾಡಿ ಪೇಟೆಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಹನ್ನೆರಡೂವರೆ. ನವೆಂಬರಿನ ಶುರುವಿನಲ್ಲಿ ಅದಕ್ಕಿಂತ ಕಾಲು ಗಂಟೆ ಮೊದಲು, ಫೆಬ್ರವರಿಯಲ್ಲಿ ಕಾಲು ಗಂಟೆ ತಡ. ವರ್ಷದ ಸರಾಸರಿ ಹಿಡಿದರೆ ಗಡಿಯಾರಕ್ಕೂ ನಮ್ಮ ಸೂರ್ಯನಿಗೂ ಅರ್ಧ ಗಂಟೆಯ ಅಂತರ. ಇಡೀ ದೇಶದ ಗಡಿಯಾರ ಹೊಂದಿಕೊಂಡಿರುವುದು 82.5 ಡಿಗ್ರಿ ರೇಖಾಂಶಕ್ಕೆ, ಅಂದರೆ ಉತ್ತರಪ್ರದೇಶದ ಮಿರ್ಜಾಪುರದ ಆಸುಪಾಸಿನ ಮಧ್ಯಾಹ್ನಕ್ಕೆ. ಹಾಲಾಡಿ ಇರುವುದು 75 ಡಿಗ್ರಿಯ ಹತ್ತಿರ. ಸೂರ್ಯ ಒಂದು ಡಿಗ್ರಿ ಪಡುವಣಕ್ಕೆ ಸರಿಯಲು ನಾಲ್ಕು ನಿಮಿಷ ಬೇಕು. ಏಳೂವರೆ ಡಿಗ್ರಿಗೆ ಮೂವತ್ತು ನಿಮಿಷ. 1906ರ ಜನವರಿ 1ರಂದು ಈ ಏಕರೂಪದ ಸಮಯ ಜಾರಿಗೆ ಬಂತು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕರಾವಳಿಯ ಕಚೇರಿಗಳ ಗೋಡೆಗೂ ಕ್ರಮೇಣ ಅದೇ ಸಮಯ ಬಂತು. ಗದ್ದೆಗೆ ಮಾತ್ರ ಬರಲಿಲ್ಲ. ಗದ್ದೆಯಲ್ಲಿ ಬಗ್ಗಿ ನಿಂತವರಿಗೆ ತಮ್ಮ ನೆರಳು ಕಾಲ ಬುಡಕ್ಕೆ ಬಂದದ್ದೇ ಮಧ್ಯಾಹ್ನ.

ಗಡಿಯಾರ ನೋಡದೆ ಹೊತ್ತನ್ನು ಒಬ್ಬರಿಗೊಬ್ಬರು ತಿಳಿಸಬೇಕಾದರೆ ಮಾತೇ ಬೇಕು. ನಮ್ಮ ಕುಂದಾಪ್ರ ಕನ್ನಡ ಅದಕ್ಕೆ ಒಂದು ಬಹಳ ಚೆಂದದ ದಾರಿ ಮಾಡಿಕೊಂಡಿದೆ. 'ಬಪ್ಪ ಹೊತ್ತಿಗೆ' ಎನ್ನುವುದು ಬಾಯಲ್ಲಿ ಸವೆದು ಸವೆದು 'ಬಪ್ಪತಿಗೆ' ಆಗಿದೆ. ಹಾಗೆಯೇ 'ಹ್ವಾಪತಿಗೆ', 'ಉಂಬತಿಗೆ'. "ಮಳಿ ಬಪ್ಪತಿಗೆ ಹುಲ್ ಒಳಗ್ ಹಾಯ್ಕ್", "ಅಪ್ಪಯ್ಯ ಉಂಬತಿಗೆ ನೀರ್ ಇಡ್", "ಗಂಡ್ ಶಾಲಿಗ್ ಹ್ವಾಪತಿಗೆ ಎಂತದೋ ಮರ್ತಿತ್". ಕ್ರಿಯಾಪದ ಯಾವುದೇ ಇರಲಿ, ಅದಕ್ಕೆ ಹೊತ್ತು ಕರಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಕೂಡಲೇ ಆ ಕೆಲಸವೇ ಗಡಿಯಾರವಾಗುತ್ತದೆ. ಉಣ್ಣುವುದು, ಮೀಯುವುದು, ಕರೆಯುವ ದನ ಹಟ್ಟಿಗೆ ಬರುವುದು, ನೆಂಟರು ಹೊರಡುವುದು, ಎಲ್ಲದಕ್ಕೂ ಈ ಯೋಗ್ಯತೆ ಇದೆ. ಪ್ರತಿ ಮನೆಯ ಸಮಯ ಆ ಮನೆಯ ಕೆಲಸದಿಂದಲೇ ಹುಟ್ಟುವ ಏರ್ಪಾಡು ಇದು. ಈ ಮಾತಿನಲ್ಲಿ ಬೆಳೆದ ಮಕ್ಕಳು ಹೈಸ್ಕೂಲಿಗೆ ಬಂದಾಗ ಇಂಗ್ಲಿಷ್ ಪುಸ್ತಕದ ಹಿಂಬದಿಯ ನುಡಿಗಟ್ಟುಗಳ ಪಟ್ಟಿ ಅವರ ಮುಂದೆ ಬರುತ್ತದೆ. ಟೈಮ್ ಈಸ್ ಮನಿ. ಟೈಮ್ ಆ್ಯಂಡ್ ಟೈಡ್ ವೇಟ್ ಫಾರ್ ನೋ ಮ್ಯಾನ್. ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್. ಮೇಕ್ ಹೇ ವೈಲ್ ದ ಸನ್ ಶೈನ್ಸ್. ಮುಂಜಾನೆ ಗಂಟಲು ಹರಿಯುವಂತೆ ಕೂಗಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಐದು ಸಾಲು ವಿಸ್ತರಿಸಿ ಬರೆದು, ಅಲ್ಲಿಗೆ ಅದನ್ನು ಬಿಟ್ಟುಬಿಡುತ್ತಾರೆ.

ನನಗೆ ಇದು ಬಹಳ ಕಾಲದಿಂದ ಮನಸ್ಸಿಗೆ ಹತ್ತಿದ ವಿಷಯ. ಈ ಇಂಗ್ಲಿಷ್ ಮಾತುಗಳಲ್ಲಿ ಹಲವು ನಮ್ಮಂಥ ಊರುಗಳಲ್ಲೇ ಹುಟ್ಟಿದಂತಿವೆ. ಕೆಸರು ಗೊತ್ತಿದ್ದವರು, ಮೋಡ ನೋಡಿ ಹೆದರಿದವರು, ನಾಳೆಗೆ ಇಟ್ಟರೆ ಕೊಳೆಯುವ ಕೆಲಸ ಮಾಡಿದವರು ಆಡಿದ ಮಾತುಗಳು. ಪರೀಕ್ಷೆಯ ಐದು ಸಾಲಿನಲ್ಲಿ ಆ ಮಣ್ಣೆಲ್ಲ ತೊಳೆದುಹೋಗಿ 'ಸಮಯಪಾಲನೆಯ ಮಹತ್ವ' ಎನ್ನುವ ಒಣ ಬುದ್ಧಿವಾದವಷ್ಟೇ ಉಳಿಯುತ್ತದೆ. ಹಾಲಾಡಿಯ ಮಗುವಿಗೆ ಈ ಮಾತುಗಳು ಪರಕೀಯ ಆಗಬೇಕಾಗಿಯೇ ಇರಲಿಲ್ಲ.

ಬಿಸಿಲಿರುವಾಗ ಹುಲ್ಲು ಒಣಗಿಸಿಕೋ ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಮೇಷ್ಟ್ರು ಅದಕ್ಕೆ ಸಾಟಿಯಾಗಿ 'ಗಾಳಿ ಬಂದಾಗ ತೂರಿಕೋ' ಎಂದು ಹೇಳಿಕೊಡುತ್ತಾರೆ. ಸರಿಯಾದ ಸಾಟಿ. ಆದರೆ ಇಂಗ್ಲೆಂಡಿನ ರೈತ ಬಿಸಿಲಿಗೆ ಕಾದ, ಕನ್ನಡದ ರೈತ ಗಾಳಿಗೆ ಕಾದ ಎಂದು ಎರಡು ಪಾಲು ಮಾಡಿದರೆ ನಮ್ಮ ಊರಿನ ಸತ್ಯ ಅರ್ಧವಾಗುತ್ತದೆ. ಇಲ್ಲಿ ಎರಡಕ್ಕೂ ಕಾಯಬೇಕು. ಮಳೆಗಾಲದ ಬೆಳೆ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲಿ. ಮುಂಗಾರು ಹೋಯಿತು ಎನ್ನುವಾಗ ಬೈಗಿನ ಹೊತ್ತಿಗೆ ಘಟ್ಟದ ಕಡೆಯಿಂದ ಗುಡುಗು ಶುರುವಾಗುವ ಕಾಲ ಅದು. ಬೆಳಿಗ್ಗೆ ಕೊಯ್ದು ಹರಡಿದ ಭತ್ತ ಸಂಜೆಯ ಮಳೆಗೆ ಸಿಕ್ಕಿದರೆ ಗದ್ದೆಯಲ್ಲೇ ಮೊಳಕೆ. ಹುಲ್ಲು ಕಪ್ಪಾದರೆ ದನ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಮೋಡದ ಮೂಲೆ ಕಪ್ಪಾದ ಕೂಡಲೇ ಮನೆಯ ಹಿರಿಯರಿಂದ ಶಾಲೆಯ ಮಗುವಿನವರೆಗೆ ಎಲ್ಲರೂ ಅಂಗಳಕ್ಕೆ. ಸೂಡಿ ಕಟ್ಟಿ ಹೊತ್ತು ತಂದು, ಪಡಿಮಂಚಕ್ಕೆ ಬಡಿದು, ಹೊಟ್ಟು ಜೊಳ್ಳು ಹಾರಿಸಲು ಗೆರಸಿ ಹಿಡಿದು ನಿಂತಾಗ ಗಾಳಿ ನಿಂತುಬಿಡುತ್ತದೆ. ಆಗ ಮಾಡಲು ಏನೂ ಇಲ್ಲ. ಗೆರಸಿ ಹಿಡಿದೇ ಕಾಯುವುದು. ಎಲೆಯೊಂದು ಅಲ್ಲಾಡಿತೋ, "ಗಾಳಿ ಬಂತ್ ಕಾಣಿ" ಎಂದು ಹತ್ತು ಕೈ ಒಟ್ಟಿಗೆ ಏಳುತ್ತವೆ. ಅಷ್ಟಾದ ಮೇಲೆ ಅಂಗಳದಲ್ಲಿ ಹುಲ್ಲಿನ ಹಗ್ಗ ಸುತ್ತಿ ಭತ್ತ ತುಂಬಿಡುವ ತಿರಿ ಕಟ್ಟಿ, ಭತ್ತ ಒಳಗೆ ಸೇರಿದ ಮೇಲೆಯೇ ಮನೆಯವರ ಮುಖಕ್ಕೆ ಕಳೆ ಬರುತ್ತಿದ್ದದ್ದು. ಈ ಅವಸರವನ್ನು ಕಂಡವರಿಗೆ ಇಂಗ್ಲೆಂಡಿನ ಹುಲ್ಲುಗಾವಲಿನ ಮಾತಿಗೆ ಅರ್ಥವಿವರಣೆ ಬೇಡ. ಅಲ್ಲಿಯವರೂ ಜೂನ್ ಜುಲೈಯಲ್ಲಿ ಹುಲ್ಲು ಕೊಯ್ದು ಹರಡಿ, ಮಳೆ ಬಪ್ಪತಿಗೆ ಒಳಗೆ ಹಾಕಲು ಓಡಿದವರೇ. ಚಳಿಗಾಲ ಪೂರ್ತಿ ಅವರ ದನ ತಿನ್ನಬೇಕಾದದ್ದು ಅದೇ ಹುಲ್ಲನ್ನು.

ಹೊಲಿಗೆಯ ಗಾದೆಯೂ ಅಷ್ಟೇ. ಹೊತ್ತಿಗೆ ಸರಿಯಾಗಿ ಒಂದು ಹೊಲಿಗೆ ಹಾಕಿದರೆ ಒಂಬತ್ತು ಹೊಲಿಗೆ ಉಳಿಯುತ್ತದೆ ಎನ್ನುವ ಮಾತಿಗೆ ನಮ್ಮಲ್ಲಿ 'ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ' ಎನ್ನುವ ಗಾದೆ ಇದೆ. ಆಸಾಡಿ ಮಳೆಯಲ್ಲಿ ಗದ್ದೆಯ ಅಂಚಿನಲ್ಲಿ ಏಡಿ ಕೊರೆದ ತೂತು ಕಂಡವರು ಅದಕ್ಕೆ ಒಂದು ಮುಷ್ಟಿ ಕೆಸರು ಮೆತ್ತಿಯೇ ಮುಂದೆ ಹೋಗುತ್ತಾರೆ, ಗದ್ದೆ ತಮ್ಮದಲ್ಲದಿದ್ದರೂ. ರಾತ್ರಿ ಬೆಳಗಾಗುವುದರೊಳಗೆ ಆ ತೂತು ಅಂಚನ್ನೇ ಎಳೆದುಕೊಂಡು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ನನ್ನನ್ನು ಹೆಚ್ಚು ತಟ್ಟುವುದು 'ಹನ್ನೊಂದನೆಯ ಗಂಟೆ'. ಇಂದು ಪತ್ರಿಕೆಗಳಲ್ಲಿ ಕೊನೇ ಕ್ಷಣದ ಗಡಿಬಿಡಿಗೆಲ್ಲ ಈ ಮಾತು ಬಳಕೆಯಾಗುತ್ತದೆ. ಇದರ ಮೂಲ ಬೈಬಲಿನ ಮತ್ತಾಯನ ಸುವಾರ್ತೆಯ ಒಂದು ಕತೆ. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆಯಿಂದ ಹೊತ್ತು ಹೊತ್ತಿಗೆ ಆಳುಗಳನ್ನು ಕರೆಯುತ್ತಾನೆ. ಸೂರ್ಯೋದಯದಿಂದ ಎಣಿಸುವ ಹಗಲಿನ ಹನ್ನೆರಡು ಗಂಟೆಗಳಲ್ಲಿ ಹನ್ನೊಂದನೆಯದು, ಅಂದರೆ ಹೊತ್ತು ಕಂತಲು ಇನ್ನು ಒಂದು ಗಂಟೆ ಇರುವಾಗ, ಕೆಲಸ ಸಿಗದೆ ನಿಂತಿದ್ದ ಕೆಲವರನ್ನೂ ಕರೆಯುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ. ಬೆಳಿಗ್ಗೆಯಿಂದ ದುಡಿದವರು ಗೊಣಗುತ್ತಾರೆ, ಯಜಮಾನ ತನ್ನ ಮಾತಿಗೆ ತಪ್ಪುವುದಿಲ್ಲ. ನೆಟ್ಟಿಯ ದಿನಗಳನ್ನು ಕಂಡವರಿಗೆ ಈ ಕತೆ ಎಷ್ಟು ಹತ್ತಿರದ್ದು! ಕಿತ್ತಿಟ್ಟ ಅಗೆ, ಅಂದರೆ ಭತ್ತದ ಸಸಿ, ರಾತ್ರಿ ಉಳಿಯುವಂತಿಲ್ಲ. ಮಳೆಗೆ ಗೊರಬು ಹೊದ್ದ ಹೆಂಗಸರು ಸಾಲಾಗಿ ಹಿಂದೆ ಹಿಂದೆ ಸರಿಯುತ್ತ ನೆಡುತ್ತಿದ್ದಂತೆ ಕತ್ತಲೆ ಇಳಿಯಲು ಶುರುವಾದರೆ, ತಮ್ಮ ಗದ್ದೆಯ ಕೆಲಸ ಮುಗಿಸಿ ಮನೆಗೆ ಹೊರಟ ನೆರೆಯವರು ಸೀರೆ ಎತ್ತಿ ಕಟ್ಟಿ ಇಳಿಯುತ್ತಿದ್ದರು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಕೊನೆಯ ಸೂಡಿ ಅಗೆ ಮುಗಿದ ಮೇಲೆ ಜಗಲಿಯಲ್ಲಿ ಎಲ್ಲರಿಗೂ ಅದೇ ಆಸ್ರಿ, ಅದೇ ಅವಲಕ್ಕಿ. ಬಂದವರು ಎಷ್ಟು ಹೊತ್ತಿಗೆ ಬಂದರು ಎಂದು ಕೇಳಿದವರನ್ನು ನಾನು ನೋಡಿಲ್ಲ.

ಹಾಗಾದರೆ ಟೈಮ್ ಈಸ್ ಮನಿ? ಇದು ಹೊಲದಲ್ಲಿ ಹುಟ್ಟಿದ ಮಾತಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲಿ ಕಸುಬಿಗೆ ಇಳಿಯುವ ತರುಣನೊಬ್ಬನಿಗೆ ಬರೆದ ಬುದ್ಧಿಮಾತಿನಿಂದ ಇದು ಲೋಕಕ್ಕೆಲ್ಲ ಹರಡಿತು. ದಿನಕ್ಕೆ ಹತ್ತು ಶಿಲಿಂಗ್ ದುಡಿಯಬಲ್ಲವನು ಅರ್ಧ ದಿನ ಸುಮ್ಮನೆ ಕೂತರೆ ಐದು ಶಿಲಿಂಗ್ ಎಸೆದಂತೆ ಎನ್ನುವುದು ಅವನ ಲೆಕ್ಕ. ಇಂಗ್ಲಿಷಿನಲ್ಲಿ ಸಮಯವನ್ನು ಉಳಿಸುತ್ತಾರೆ, ಖರ್ಚು ಮಾಡುತ್ತಾರೆ, ಹೂಡುತ್ತಾರೆ, ಸಾಲವಾಗಿಯೂ ಪಡೆಯುತ್ತಾರೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ವಿದ್ವಾಂಸರು 1980ರಲ್ಲಿ ತಂದ ಪುಸ್ತಕದಲ್ಲಿ, ಒಂದು ಸಮಾಜ ಯೋಚಿಸುವ ಬಗೆ ಅದರ ಆಡುಮಾತಿನಲ್ಲೇ ಅಡಗಿದೆ ಎಂದು ತೋರಿಸಲು ಹಣದ ಈ ಮಾತುಗಳನ್ನೇ ಮೊದಮೊದಲ ಉದಾಹರಣೆಗಳಲ್ಲಿ ಸೇರಿಸಿದರು. ನಮ್ಮ ಮಾತಿನಲ್ಲಿ ಹೊತ್ತು ಏರುತ್ತದೆ, ಇಳಿಯುತ್ತದೆ, ಕಂತುತ್ತದೆ. ಹೊತ್ತು ಎಂದರೆ ಸೂರ್ಯನೇ ಆದ್ದರಿಂದ ಅದನ್ನು ಕಿಸೆಗೆ ಹಾಕಿಕೊಳ್ಳಲು ಬರುವುದಿಲ್ಲ. ಕೆಲಸವಿಲ್ಲದೆ ಕೂತವರು "ಹೊತ್ತೇ ಹ್ವಾತಿಲ್ಲ" ಎನ್ನುತ್ತಾರೆ. ಅದು ತಾನಾಗಿ ಹೋಗಬೇಕು.

ಇಷ್ಟು ಹೇಳಿ, ನಮ್ಮದು ಮೇಲು ಅವರದ್ದು ಕೀಳು ಎಂದು ಮುಗಿಸಲು ನನಗೆ ಮನಸ್ಸಿಲ್ಲ. ಕಾರಣ ಮುಂಬೈ. ಕುಂದಾಪುರ ಕಡೆಯ ಹಳ್ಳಿಗಳಿಂದ ಎಷ್ಟೋ ಹುಡುಗರು ಮೀಸೆ ಮೂಡುವ ಮೊದಲೇ ಮುಂಬೈಯ ಹೋಟೆಲುಗಳಿಗೆ ಹೋದರು. ಬೆಳ್ಗಾ ಮುಂಚಿ ಎದ್ದು ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಕೂತು ಓದಿದರು. ಆ ರಾತ್ರಿಶಾಲೆಗಳು ಕರಾವಳಿಯ ಹುಡುಗರಿಗೆ ಕೊಟ್ಟದ್ದು ಏನೆಂದು ಅಲ್ಲಿ ಓದಿ ಮೇಲೆ ಬಂದವರ ಕಣ್ಣು ನೋಡಿದರೆ ತಿಳಿಯುತ್ತದೆ. ನಿದ್ದೆಗೆ ಜೋಲುವ ತಲೆ ಎತ್ತಿ ಟೈಮ್ ಈಸ್ ಮನಿ ಎಂದು ಬರೆದ ಹುಡುಗನಿಗೆ ಆ ಮಾತು ಪೊಳ್ಳು ಅನಿಸಿರಲಾರದು. ಅವನ ಹಗಲು ಇಡೀ ಸಂಬಳಕ್ಕೆ ಮಾರಿಹೋಗಿತ್ತು. ತಿಂಗಳ ಕೊನೆಗೆ ಅದು ಮನಿಯಾರ್ಡರ್ ಆಗಿ ಹಾಲಾಡಿಯೋ ಶಂಕರನಾರಾಯಣವೋ ಯಾವುದೋ ಅಂಚೆ ಕಚೇರಿಗೆ ಬಂದು, ಅಮ್ಮನ ಕೈಗೆ ಅಕ್ಕಿ ಸಾಮಾನಾಗಿ ತಲುಪುತ್ತಿತ್ತು. ಅವನದ್ದೆಂದು ಉಳಿದದ್ದು ರಾತ್ರಿಯ ಆ ಒಂದೆರಡು ಗಂಟೆ. ಅದನ್ನು ಅವನು ಓದಿಗೆ ಕೊಟ್ಟ. ಫ್ರಾಂಕ್ಲಿನ್ನನ ತರುಣ ಕಸುಬುದಾರನಿಗಿಂತ ಈ ಹುಡುಗನಿಗೇ ಆ ಬುದ್ಧಿಮಾತು ಹೆಚ್ಚು ಸಲ್ಲುತ್ತದೆ ಎಂದು ನನ್ನ ಎಣಿಕೆ. ಈಗ ನಮ್ಮ ಗದ್ದೆಗೂ ಗಂಟೆಯ ಲೆಕ್ಕ ಇಳಿದಿದೆ. ಅಕ್ಟೋಬರಿನಲ್ಲಿ ಹೊರ ಊರುಗಳಿಂದ ಬರುವ ಕಟಾವು ಯಂತ್ರಕ್ಕೆ ಬಾಡಿಗೆ ಗಂಟೆಗೆ ಇಷ್ಟು ಎಂದು. ಯಂತ್ರ ಕೆಸರಿನಲ್ಲಿ ಹೂತು ನಿಂತರೆ ಅಂಚಿನ ಮೇಲೆ ನಿಂತ ಯಜಮಾನರು ಮೋಡ ನೋಡುವುದನ್ನು ಬಿಟ್ಟು ಮೊಬೈಲಿನಲ್ಲಿ ಗಂಟೆ ನೋಡುತ್ತಾರೆ. ಮಾಡುವುದೇನು? ಆಳು ಸಿಗುವುದಿಲ್ಲ, ಮಳೆ ಕಾಯುವುದಿಲ್ಲ.

ಸಮಯದ ಗಾದೆಗಳಲ್ಲಿ ಕಡಲಿನದ್ದೂ ಒಂದಿದೆ ಎಂದು ನಮ್ಮ ಮಕ್ಕಳು ತಿಳಿಯುತ್ತಾರೆ, ಟೈಮ್ ಆ್ಯಂಡ್ ಟೈಡ್. ನಿಜಕ್ಕೆ ಆ ಹಳೆಯ ಮಾತಿನಲ್ಲಿ ಟೈಡ್ ಎಂದರೂ ಹೊತ್ತು ಎಂದೇ ಅರ್ಥವಿತ್ತು. ಆದರೆ ಹಾಲಾಡಿಯನ್ನು ಹಾದು ಇಳಿಯುವ ವಾರಾಹಿ ಹೊಳೆ ಮುಂದೆ ಸೌಪರ್ಣಿಕಾ, ಚಕ್ರಾ ಮೊದಲಾದವುಗಳ ಜೊತೆ ಸೇರಿ ಗಂಗೊಳ್ಳಿಯಲ್ಲಿ ಕಡಲು ಮುಟ್ಟುವ ಊರಿನವರು ನಾವು. ಆ ಅಳಿವೆಯಲ್ಲಿ ನೀರಿನ ಏರಿಳಿತ ನೋಡಿಯೇ ದೋಣಿ ಹೊರಡಬೇಕು, ಒಳಗೆ ಬರಬೇಕು. ಕಡಲಿನ ಅರ್ಥ ಹಿಡಿದ ಮಗುವಿಗೆ ನಾನಾದರೆ ಪೂರ್ಣ ಅಂಕ ಕೊಡುತ್ತೇನೆ.

ಅಪರೂಪ ಎನ್ನುವುದನ್ನು ಹೇಳುವ ರೀತಿಯಲ್ಲಿ ಮಾತ್ರ ಎರಡು ನಾಡುಗಳ ನಡುವೆ ದೊಡ್ಡ ಅಂತರ ಇದೆ. ಇಂಗ್ಲಿಷಿನಲ್ಲಿ 'ವನ್ಸ್ ಇನ್ ಎ ಬ್ಲೂ ಮೂನ್'. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದು ನೀಲಿ ಚಂದ್ರ ಎನ್ನುವ ಇಂದಿನ ಲೆಕ್ಕ 1946ರಲ್ಲಿ ಅಮೆರಿಕದ ಖಗೋಳ ಪತ್ರಿಕೆಯೊಂದರ ಲೇಖನದಿಂದ ಹಬ್ಬಿದ್ದು. ಆ ಲೆಕ್ಕದಲ್ಲಿ ಅದು ಬರುವುದು ಎರಡೂವರೆ ಮೂರು ವರ್ಷಕ್ಕೊಮ್ಮೆ. ನಾವೋ 'ಅಮಾಸಿಗೊಮ್ಮೆ ಹುಣ್ಮೆಗೊಮ್ಮೆ' ಎನ್ನುತ್ತೇವೆ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಸರಾಸರಿ ಹದಿನೈದು ದಿನವೂ ತುಂಬುವುದಿಲ್ಲ! ದಿನ ಬೆಳಗಾದರೆ ಬೇಲಿಯ ಮೇಲಿಂದ ಮಾತಾಡುವ ಜನರಿಗೆ ಹದಿನೈದು ದಿನ ಮುಖ ಕಾಣದಿದ್ದರೆ ಅದೇ ಅಪರೂಪ, ಅದೇ ದೂರು. "ಎಂತ ಮಾರಾಯ್ರೆ, ಅಮಾಸಿಗೊಮ್ಮೆ ಹುಣ್ಮೆಗೊಮ್ಮೆ ಬತ್ರಿ ಅಲ್ದೇ?" ಎಂದು ಕೇಳುವಾಗ ಅದರಲ್ಲಿ ಎಷ್ಟೊಂದು ಪ್ರೀತಿಯ ಹಕ್ಕು ಇರುತ್ತದೆ. ಹಾಲಾಡಿಯಿಂದ ಘಟ್ಟದ ಬುಡದ ಕಡೆಗೆ ಹೋದರೆ ಅಮಾಸೆಬೈಲು ಎನ್ನುವ ಊರೇ ಸಿಗುತ್ತದೆ. ಮನೆ ಮನೆಗೆ ಸೌರದೀಪ ಹಾಕಿಸಿಕೊಂಡು ಹೆಸರಾದದ್ದು ಇದೇ ಊರು. ಅಮಾವಾಸ್ಯೆಯ ಹೆಸರಿಟ್ಟುಕೊಂಡು ದೀಪದಿಂದ ಗುರುತಾದ ಊರು ಪಕ್ಕದಲ್ಲೇ ಇರುವುದು ನನಗೆ ಹೆಮ್ಮೆ.

ಎಂದೆಂದೂ ಆಗದ್ದಕ್ಕೂ ಮಾತು ಬೇಕಲ್ಲ. ಹಂದಿ ಹಾರುವಾಗ ಎನ್ನುತ್ತಾರೆ ಇಂಗ್ಲಿಷಿನವರು. ನಮ್ಮ ತೆಂಕಣದ ತುಳುವರು ದೀಪಾವಳಿಯಲ್ಲಿ ಬಲೀಂದ್ರನನ್ನು ಕೂಗುವಾಗ, ನಿನ್ನ ರಾಜ್ಯ ನಿನಗೆ ಪೂರ್ತಿಯಾಗಿ ಮರಳುವ ಕಾಲ ಯಾವುದು ಎಂಬುದಕ್ಕೆ ಒಂದು ಸಾಲು ಗುರುತು ಹೇಳುತ್ತಾರೆ: ಉಪ್ಪು ಕರ್ಪೂರವಾಗುವ ಕಾಲ, ಬಿಳಿಗಲ್ಲು ಹೂ ಬಿಡುವ ಕಾಲ, ಗುಲಗಂಜಿಯ ಕಪ್ಪು ಕಲೆ ಅಳಿಯುವ ಕಾಲ. ನಮ್ಮ ಕಡೆಯೂ ದೀಪಾವಳಿಯ ಬೈಗಿಗೆ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕೂಗುತ್ತಾರೆ. ಹಂದಿಯ ಮಾತಿನಲ್ಲಿ ಗೇಲಿ ಇದೆ. ಬಲಿಯ ಮಾತಿನಲ್ಲಿ ಇರುವುದು ಸೋತ ಅರಸನ ಮೇಲಿನ ಅಕ್ಕರೆ. ಆಗದು ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ವರ್ಷಕ್ಕೊಮ್ಮೆ ಮನೆಗೆ ಬಂದವನು. ಅದಕ್ಕೇ ಆಗದ್ದನ್ನೂ ಒಂದು ಕಾಲವಾಗಿ ಹೇಳಿದರು.

ಅಳತೆಯ ಮಾತುಗಳ ಕಡೆಗೆ ಬರೋಣ. ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಮ್ಸನ್ 1967ರಲ್ಲಿ ಗಡಿಯಾರ ಮತ್ತು ದುಡಿಮೆಯ ಶಿಸ್ತಿನ ಬಗ್ಗೆ ಬರೆದ ಹೆಸರಾಂತ ಲೇಖನದಲ್ಲಿ ಮಡಗಾಸ್ಕರಿನ ಅಳತೆಯೊಂದನ್ನು ಕೊಟ್ಟಿದ್ದಾರೆ. ಅಲ್ಲಿ ಅರ್ಧ ಗಂಟೆ ಎಂದರೆ 'ಅನ್ನ ಬೇಯುವಷ್ಟು ಹೊತ್ತು'. ಕ್ಷಣ ಎಂದರೆ 'ಮಿಡತೆ ಹುರಿಯುವಷ್ಟು ಹೊತ್ತು'. 1647ರಲ್ಲಿ ಚಿಲಿಯಲ್ಲಿ ಆದ ಭೂಕಂಪ ಎರಡು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಇತ್ತೆಂದು ಬರೆದಿಟ್ಟರಂತೆ. ಇದನ್ನು ಓದಿದಾಗ ನನಗೆ ನೆಂಟರ ಮನೆಗೆ ಹೋದಷ್ಟು ಸಂತೋಷವಾಯಿತು. ನಮ್ಮ ಅಮ್ಮಮ್ಮನ ಕಾಲದಲ್ಲಿ ಕೆಲಸದ ನಡುವಿನ ಬಿಡುವು 'ಒಂದ್ ಕವಳ ಹಾಕುವಷ್ಟ್ ಹೊತ್ತು'. ಎಲೆಗೆ ಸುಣ್ಣ ಸವರಿ, ಅಡಿಕೆ ಕತ್ತರಿಸಿ, ಹೊಗೆಸೊಪ್ಪು ಸೇರಿಸಿ, ಜಗಿದು ಉಗಿಯುವವರೆಗೆ. ಕುಚ್ಚಲಕ್ಕಿಯ ಗಂಜಿಗೆ ಕಟ್ಟಿಗೆ ಒಲೆಯಲ್ಲಿ ಅರ್ಧ ಗಂಟೆ ಎಲ್ಲಿ ಸಾಕು? ಹಾಗಾಗಿ ಅನ್ನ ಬೇಯುವ ಹೊತ್ತು ಎಂದರೆ ಹೊಳೆಗೆ ಹೋಗಿ ಬಟ್ಟೆ ಒಗೆದು ಬರುವಷ್ಟು ದೊಡ್ಡ ಹೊತ್ತು. ಪಂಚಾಂಗದ ಗಳಿಗೆಯೂ ಜೊತೆಗಿತ್ತು. ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ಗಳಿಗೆ, ದಿನಕ್ಕೆ ಅರವತ್ತು, ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ಮಿರ್ಜಾಪುರಕ್ಕೂ ಅದಕ್ಕೂ ಸಂಬಂಧವಿಲ್ಲ. ಮದುವೆಗೆ ಗಳಿಗೆ ಕೂಡಿ ಬರಬೇಕು ಎನ್ನುವಾಗ, "ಅರೆಗಳ್ಗಿ ಕೂಕಣಿ" ಎಂದು ನೆಂಟರನ್ನು ಒತ್ತಾಯಿಸುವಾಗ ಇವತ್ತಿಗೂ ಅದೇ ಅಳತೆ ಬಾಯಿಗೆ ಬರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಗಡಿಯಾರ ನಮಗೆ ಆಟ, ಅಂದರೆ ಯಕ್ಷಗಾನ. ಬಡಗುತಿಟ್ಟಿನ ಎದೆಯ ನಡುವೆ ಇರುವ ಊರು ಹಾಲಾಡಿ. ಭಾಗವತ ರಾಘವೇಂದ್ರ ಮಯ್ಯರ ಹೆಸರಿನ ಜೊತೆ ಈ ಊರಿನ ಹೆಸರೂ ರಂಗಸ್ಥಳದಿಂದ ರಂಗಸ್ಥಳಕ್ಕೆ ಓಡಾಡಿದೆ. ರಾತ್ರಿಯಿಡೀ ಆಟ ನಡೆಯುತ್ತಿದ್ದಾಗ ಜಾವಗಳಿಗೆ ವೇಷಗಳೇ ಹೆಸರು. ಬೈಗಿನ ಊಟ ಮುಗಿಯುತ್ತಿದ್ದಂತೆ ದೂರದ ಬಯಲಿನಿಂದ ಚಂಡೆ ಪೆಟ್ಟು. ಚೌಕಿಯಲ್ಲಿ ಪೂಜೆ, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಆಮೇಲೆ ಪ್ರಸಂಗದ ಒಡ್ಡೋಲಗ. ನಡುರಾತ್ರಿ ಕಳೆದು ಚಾಪೆಯ ಮೇಲೆ ಮಕ್ಕಳು ಒರಗಿರುವಾಗ ಬಣ್ಣದ ವೇಷದ ಅಬ್ಬರ. "ಬಣ್ಣದ್ ವೇಷ ಬಪ್ಪತಿಗೆ ಎಬ್ಸಿ" ಎಂದು ಮಕ್ಕಳು ಮೊದಲೇ ಮಾತು ತೆಗೆದುಕೊಂಡು ಮಲಗುತ್ತಿದ್ದರು. ಬೆಳ್ಳಿ ಮೂಡುವ ಹೊತ್ತಿಗೆ ಯುದ್ಧ, ಪೂರ್ವ ದಿಕ್ಕು ಕೆಂಪಾಗುವಾಗ ಮಂಗಳ. ಮಂಗಳ ಕೇಳಿ ಮನೆಗೆ ನಡೆದು ಬಂದವರು ನೇರ ಹಟ್ಟಿಗೆ ಹೋಗಿ ದನ ಕರೆಯುತ್ತಿದ್ದರು. ರಾತ್ರಿಯೆಂಬುದು ಇಷ್ಟು ತುಂಬಿಕೊಂಡು ಇರಬಲ್ಲದು ಎಂದು ನಮಗೆ ಕಲಿಸಿದ್ದು ಆಟ. ಈಗ ಊರೂರಲ್ಲಿ ಕಾಲಮಿತಿಯ ಆಟ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ತಡೆ ಇದೆ; ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುವವರಿಗೆ ನಿದ್ದೆಯೂ ಬೇಕು. ಕಾಲಮಿತಿಯಿಂದ ಹೊಸ ಪ್ರೇಕ್ಷಕರು ಬಂದದ್ದು ನಿಜ, ಕಲಾವಿದರ ದೇಹಕ್ಕೆ ಕೊಂಚ ವಿಶ್ರಾಂತಿ ಸಿಕ್ಕಿದ್ದೂ ನಿಜ. ಆದರೂ ರಾತ್ರಿಯ ಕೊನೆಯ ಜಾವದಲ್ಲಿ ಭಾಗವತರ ದನಿ ಹದಗೊಂಡು ಏರುವುದನ್ನು ಕೇಳದೆ ಒಂದು ತಲೆಮಾರು ಬೆಳೆಯುತ್ತಿದೆಯಲ್ಲ ಎಂಬ ಸಂಕಟ ನನಗೆ ಹೋಗುವುದಿಲ್ಲ. ವರ್ಷಕ್ಕೆ ಒಂದಾದರೂ ಇಡೀ ರಾತ್ರಿಯ ಆಟವನ್ನು ಮಕ್ಕಳಿಗೆ ತೋರಿಸಬೇಕು.

ಮಂದಾರ್ತಿ ದೇವಸ್ಥಾನದ ಹರಕೆ ಆಟದ ಕಾಯುವಿಕೆಯಂತೂ ಬೇರೆಯೇ ಅಳತೆಯದ್ದು. ಅಲ್ಲಿಯ ಐದು ಮೇಳಗಳು ತಿರುಗಾಟದ ರಾತ್ರಿಗಳನ್ನೆಲ್ಲ ಆಡಿದರೂ ಹರಕೆಯ ಸರದಿ ಬರಲು ಹತ್ತಾರು ವರ್ಷ ಬೇಕು. ಅಪ್ಪ ಹೇಳಿಕೊಂಡ ಹರಕೆಯ ಆಟವನ್ನು ಮಗ ಆಡಿಸುತ್ತಾನೆ. ತೊಟ್ಟಿಲ ಮಗುವಿನ ಜ್ವರಕ್ಕೆ ಹೊತ್ತ ಹರಕೆ ತೀರುವಾಗ ಆ ಮಗು ತನ್ನ ಮಗುವನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿರುತ್ತದೆ. ಇದನ್ನು ಯಾವ ಭಾಷೆಯ ನುಡಿಗಟ್ಟೂ ಇನ್ನೂ ಹಿಡಿದಿಟ್ಟಿಲ್ಲ.

ಮೇಳಗಳ ತಿರುಗಾಟ ನಿಲ್ಲುವ ಗಡಿ ಹತ್ತನಾವಧಿ. ವೃಷಭ ತಿಂಗಳ ಹತ್ತನೆಯ ದಿನ, ಮೇ 24-25ರ ಆಸುಪಾಸು. ತುಳುವರು ಪತ್ತನಾಜೆ ಎನ್ನುವುದು ಇದನ್ನೇ. ಗೆಜ್ಜೆ ಬಿಚ್ಚುತ್ತಾರೆ, ಕೋಲಗಳು ನಿಲ್ಲುತ್ತವೆ, ಎಲ್ಲರ ಕಣ್ಣು ಆಕಾಶಕ್ಕೆ. "ಹತ್ತನಾವಧಿ ಒಳ್ಗ್ ಮಾಡ್ ಹೊದ್ಸಿ ಮುಗುಸ್ಕ್" ಎಂದರೆ ಸರ್ಕಾರಿ ಆದೇಶಕ್ಕಿಂತ ಗಟ್ಟಿ. ವರ್ಷದ ಉಳಿದ ಮೈಲಿಗಲ್ಲುಗಳೂ ಹೀಗೇ: ಮರವಂತೆಯ ಕರ್ಕಾಟಕ ಅಮಾವಾಸ್ಯೆ ಜಾತ್ರೆ, ಕೋಟೇಶ್ವರದ ಕೊಡಿ ಹಬ್ಬ, ಮಕರ ಸಂಕ್ರಮಣಕ್ಕೆ ಮಾರಣಕಟ್ಟೆ ಹಬ್ಬ. "ಕೊಡಿ ಹಬ್ಬ ಕಳ್ದ್ ಮೇಲ್ ಮಾತಾಡುವ" ಎಂದು ಮದುವೆಯ ಮಾತನ್ನು ಮುಂದೂಡುತ್ತಾರೆ. ಆ ವರ್ಷ ಮದುವೆಯಾದವರು ಹಬ್ಬದಲ್ಲಿ ಕಬ್ಬಿನ ಕೊಡಿ ಕೊಂಡು ಬರುವುದು ವಾಡಿಕೆ. ಬೆಂಗಳೂರು, ಮುಂಬೈ, ದುಬೈಗಳಲ್ಲಿ ಇರುವವರು ಫೋನು ಮಾಡಿದಾಗಲೂ ಜನವರಿ ಜುಲೈ ಎನ್ನುವುದಕ್ಕಿಂತ ಹೆಚ್ಚಾಗಿ "ಆಸಾಡಿಗ್ ಬತ್ರಾ?" ಎಂದೇ ಮನೆಯವರು ಕೇಳುವುದು. ಆ ಆಸಾಡಿಯ ಅಮಾವಾಸ್ಯೆಯನ್ನೇ 2019ರಿಂದ ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುತ್ತಿದ್ದೇವೆ. ಹಿಂದೆ ಅಕ್ಕಿಯ ಕಡಾಯ ಬರಿದಾಗುವ, ಕೆಸುವಿನ ಎಲೆ ಕಳಲೆಗಳಿಂದ ಹೊಟ್ಟೆ ತುಂಬಿಸಿಕೊಳ್ಳುವ ಕಷ್ಟದ ತಿಂಗಳಾಗಿದ್ದ ಆಸಾಡಿ ಈಗ ಭಾಷೆಯ ಹಬ್ಬದ ತಿಂಗಳು. ಪಂಜು ಗಂಗೊಳ್ಳಿಯವರು ಗೆಳೆಯರೊಡನೆ ವರ್ಷಗಟ್ಟಲೆ ದುಡಿದು ಕುಂದಾಪ್ರ ಕನ್ನಡದ ನಿಘಂಟು ಕಟ್ಟಿಕೊಟ್ಟ ಮೇಲೆ ಇಂಥ ಎಷ್ಟೋ ಮಾತುಗಳಿಗೆ ಒಂದು ನೆಲೆ ಸಿಕ್ಕಿದೆ. ಅವರಿಗೆ ನಾನು ಮನಸಾರೆ ಋಣಿ.

ಪಡಿಮಂಚ ಹೋಯಿತು, ಗೊರಬು ಪ್ರದರ್ಶನಕ್ಕೆ ಸೇರಿತು, ಕವಳ ಹಾಕುವವರು ಕಡಿಮೆಯಾದರು. ಆ ಕೆಲಸಗಳ ಜೊತೆ ಅವುಗಳ ಹೊತ್ತೂ ಮಾತಿನಿಂದ ಜಾರುತ್ತಿದೆ. ಅದಕ್ಕಾಗಿ ನಾನು ದುಃಖಪಡುತ್ತೇನೆ. ಆದರೆ ಆ ಪುಟ್ಟ 'ತಿಗೆ' ಇನ್ನೂ ಕೆಲಸ ಮಾಡುತ್ತಲೇ ಇದೆ. ಹಾಲಾಡಿಯ ಬಸ್ ನಿಲ್ದಾಣದಲ್ಲಿ ಸಮಯವನ್ನು ಬಸ್ಸಿನ ಹೆಸರಿನಿಂದಲೇ ಹೇಳುತ್ತಾರೆ. ಕುಂದಾಪುರದ ಮೊದಲ ಬಸ್ಸು ಬಪ್ಪತಿಗೆ, ಹೆಬ್ರಿ ಬಸ್ಸು ಹ್ವಾಪತಿಗೆ ಎಂದು. ಬೆಳಿಗ್ಗೆ ಗಂಗೊಳ್ಳಿ ಕಡೆಯಿಂದ ಹಾರ್ನ್ ಹಾಕುತ್ತ ಏರಿ ಬರುವ ಮೀನಿನ ಗಾಡಿ ಎಷ್ಟೋ ಮನೆಗಳ ಅಡುಗೆಗೆ ಗಡಿಯಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಆ ಗಾಡಿ ಬರುವ ಹೊತ್ತು ತಪ್ಪುತ್ತದೆ, ಅಡುಗೆಯ ಹೊತ್ತೂ ತಪ್ಪುತ್ತದೆ. ಮೊನ್ನೆ ನಮ್ಮ ಪಕ್ಕದ ಮನೆಯ ಹೈಸ್ಕೂಲು ಹುಡುಗಿ, ಇಂಗ್ಲಿಷ್ ನುಡಿಗಟ್ಟಿನ ಹಾಳೆ ಕೈಯಲ್ಲಿ ಹಿಡಿದವಳು, ಅಮ್ಮನಿಗೆ ಒಳಗಿನಿಂದ ಕೂಗಿ ಹೇಳುತ್ತಿದ್ದಳು: "ಅಮ್ಮಾ, ಮೀನ್ ಗಾಡಿ ಬಪ್ಪತಿಗೆ ನಂದ್ ಹನ್ನೊಂದ್ನೇ ಗಂಟಿ ಮುಗಿತ್, ಆಗ್ಳ್ ಕರಿ!"